ಇಲಿ ಬಿದ್ದ ಕಾಲ

ಎರಡು ಬೇಸಿಗೆಗಳ ಹಿಂದೆ ನಮ್ಮ ತಾಯಿಯವರು ಮೈಸೂರಿನಿಂದ ಬಂದಿದ್ದಾಗ, ಈ ಕೊಲ್ಲಿ ಪ್ರದೇಶದ ಎಲ್ಲ ಮಕ್ಕಳೂ ಮಾಡುವಂತೆ ನಾವೂ ಅವರನ್ನು ಲೇಕ್ ತಾಹೋ ತೋರಿಸಲು ಕರೆದುಕೊಂಡು ಹೋಗಿದ್ದೆವು. ಪುಳಿಯೋಗರೆ, ಮೊಸರನ್ನದ ಡಬ್ಬಿಗಳನ್ನು ಬಿಚ್ಚಿ ಕುಳಿತ ಮರದಡಿಯಲ್ಲಿ ಒಂದು ಎಚ್ಚರಿಕೆಯ ಫಲಕವಿತ್ತು. ನಮ್ಮ ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಇಲ್ಲಿನ ಅಳಿಲುಗಳ ಮೈಮೇಲಿನ ಚಿಗಟಗಳಲ್ಲಿ ಪ್ಲೇಗ್ ಇರಬಹುದು, ಅವುಗಳನ್ನು ಮುಟ್ಟಬೇಡಿ, ತಿನ್ನಲು ಏನನ್ನೂ ಕೊಡಬೇಡಿ ಎಂದು ಅದರಲ್ಲಿ ಬರೆದಿತ್ತು. ಅವಳ ಅಮೆರಿಕನ್ ಉಚ್ಚಾರಣೆಯ ಇಂಗ್ಲಿಷಿನಲ್ಲಿ ಅಜ್ಜಿಗೆ ತಿಳಿದದ್ದು ಒಂದೇ ಶಬ್ದ. "ಏನಂದೆ ಪುಟ್ಟಿ? ಪ್ಲೇಗೇ?" ಎಂದವರು ಕಲಸಿದ ಕೈಯನ್ನು ಹಾಗೇ ಹಿಡಿದು ಕುಳಿತುಬಿಟ್ಟರು. "ಊಟದ ಹೊತ್ತಿನಲ್ಲಿ ಆ ಹೆಸರು ಎತ್ತಬಾರದು ಕಣೇ. ನಮ್ಮಮ್ಮ ಎದ್ದು ಹೋಗಿಬಿಡೋರು."

ನಮಗೆ ಪ್ಲೇಗ್ ಎಂದರೆ ಎಂ.ಬಿ.ಬಿ.ಎಸ್. ಎರಡನೆಯ ಹಂತದ ಮೈಕ್ರೋಬಯಾಲಜಿ ಪುಸ್ತಕದ ಕೆಲವು ಪುಟಗಳು. ಯರ್ಸೀನಿಯಾ ಪೆಸ್ಟಿಸ್; ಬಣ್ಣ ಹಾಕಿದರೆ ಎರಡು ತುದಿಗಳಲ್ಲಿ ಮಾತ್ರ ಗಾಢವಾಗಿ ಹಿಡಿದು ಸೇಫ್ಟಿ ಪಿನ್ನಿನಂತೆ ಕಾಣುವ ಸೂಕ್ಷ್ಮಜೀವಿ; ಪರೀಕ್ಷೆಯಲ್ಲಿ ಬಂದರೆ ಐದು ಅಂಕ. ಅಜ್ಜಿಗೆ ಅದು ಕೇಳಿದರೆ ಊಟ ಸೇರದ ಶಬ್ದ. ಈ ಎರಡರ ನಡುವಿನ ಅಂತರ ಅಂದಿನಿಂದ ನಮ್ಮನ್ನು ಕಾಡುತ್ತಲೇ ಇತ್ತು. ಈ ಸ್ಮರಣ ಸಂಚಿಕೆಯ ಸಂಪಾದಕರು "ಡಾಕ್ಟ್ರೇ, ವಿಜ್ಞಾನದ ಬಗ್ಗೆ ಏನಾದರೂ ಬರೆಯಿರಿ, ಆದರೆ ಔಷಧಿಯ ಚೀಟಿಯಂತೆ ಇರಬಾರದು" ಎಂದು ಕೇಳಿದಾಗ, ವಿಜ್ಞಾನ ಬಂದ ಮೇಲೆ ಜನರ ದೇವರು, ಕಥೆ, ಚಿತ್ರ, ಕಲ್ಪನೆಗಳಿಗೆ ಏನಾಗುತ್ತದೆ ಎಂಬುದನ್ನು ಈ ಒಂದು ರೋಗದ ಬೆನ್ನು ಹತ್ತಿ ನೋಡಬಹುದಲ್ಲವೇ ಎನ್ನಿಸಿತು. ಓದುಗರು ಇದನ್ನು ಊಟದ ಹೊತ್ತಿಗೆ ಓದದಿರಲಿ ಎಂದು ವಿನಂತಿ!

ಪ್ಲೇಗಿಗಿಂತ ಮೊದಲು ಅದರ ಅಕ್ಕನ ವಿಚಾರವನ್ನು ಎರಡು ಮಾತಿನಲ್ಲಿ ಹೇಳಬೇಕು. ಸಿಡುಬನ್ನು ನಮ್ಮವರು ರೋಗವೆಂದು ಕರೆದವರೇ ಅಲ್ಲ. 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರು. ಬಂದವಳನ್ನು ಬೇವಿನ ಸೊಪ್ಪಿನಿಂದ ತಣಿಸಿ, ಮರ್ಯಾದೆಯಿಂದ ಊರ ಗಡಿ ದಾಟಿಸುವುದು ಪದ್ಧತಿ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆಯುವ ವಿಧಾನವನ್ನು ಪ್ರಕಟಿಸಿದ್ದು 1798ರಲ್ಲಿ. ನಾಲ್ಕೇ ವರ್ಷಗಳಲ್ಲಿ, 1802ರ ಜೂನ್ ತಿಂಗಳಲ್ಲಿ, ಆ ಲಸಿಕೆ ಮುಂಬಯಿಗೆ ಬಂದು ಮೂರು ವರ್ಷದ ಒಂದು ಮಗುವಿನ ತೋಳನ್ನು ಸೇರಿತು. ಆಮೇಲೆ ಮೈಸೂರು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ ಮೈಸೂರಿನಲ್ಲಿ ಮೂವರು ರಾಜಸ್ತ್ರೀಯರ ಒಂದು ತೈಲಚಿತ್ರ ಬರೆದ. ಬಹಳ ಕಾಲ ಅದನ್ನು ಯಾರೋ ನರ್ತಕಿಯರ ಚಿತ್ರವೆಂದು ತಿಳಿದಿದ್ದರು. ಇತಿಹಾಸಕಾರ ನೈಜೆಲ್ ಛಾನ್ಸಲರ್ ಅವರ ವಾದ ಬೇರೆ. ಬಲಗಡೆ ನಿಂತಿರುವಾಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಚಿಕ್ಕ ರಾಣಿ ದೇವಾಜಮ್ಮಣ್ಣಿ. ಆಕೆ ಸೆರಗನ್ನು ಒಂದಿಷ್ಟು ಸರಿಸಿರುವುದು ತೋಳಿನಲ್ಲಿ ಲಸಿಕೆ ಹಾಕಿದ ಜಾಗವನ್ನು ಸೂಚಿಸುವುದಕ್ಕೆ. ಎಡಗಡೆಯ ಹಿರಿಯ ರಾಣಿಯ ಮೂಗು ಬಾಯಿಗಳ ಸುತ್ತ ಕಾಣುವ ಮಾಸಲು ಬಣ್ಣ, ಸಿಡುಬಿನ ಕೀವನ್ನೇ ಕೊಟ್ಟು ಸಣ್ಣ ಪ್ರಮಾಣದಲ್ಲಿ ರೋಗ ಬರಿಸುತ್ತಿದ್ದ ಹಳೆಯ ಪದ್ಧತಿಯ ಗುರುತು. ಅಂದರೆ ಇಡೀ ಚಿತ್ರ ಹೊಸ ಲಸಿಕೆಯ ಜಾಹೀರಾತು!

ಈ ವಾದವನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಆದರೆ ಒಪ್ಪಿದರೆ ಒಂದು ಮಾತು ಹೊಳೆಯುತ್ತದೆ. ಅರಮನೆಯಲ್ಲಿಯೇ ಸಿಡುಬಿನ ಸಾವುಗಳನ್ನು ಕಂಡಿದ್ದ ಹಿರಿಯ ಹೆಂಗಸರು ಹೊಸ ಕಿರಿಯ ಸೊಸೆಯ ತೋಳನ್ನು ಮುಂದೆ ಮಾಡಿದರು. ಪ್ರಜೆಗಳಿಗೆ ಅಂಕಿ ಅಂಶಗಳ ಕರಪತ್ರ ಹಂಚಲಿಲ್ಲ. ಮಹಾರಾಣಿಗೆ ದಾಕು ಹಾಕಿದ್ದಾರಂತೆ, ಏನೂ ಆಗಲಿಲ್ಲವಂತೆ ಎಂಬ ಸುದ್ದಿ ಸಾಕಾಗಿತ್ತು. ಭಾರತ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿದ್ದು 1977ರಲ್ಲಿ, ಲೋಕವೇ ಮುಕ್ತವಾಯಿತೆಂದು ಸಾರಿದ್ದು 1980ರಲ್ಲಿ. ಸಿಡುಬು ಹೋಯಿತು, ಮಾರಮ್ಮನ ಹಬ್ಬ ಹೋಗಲಿಲ್ಲ. ಬೇಕಾದರೆ ಶಿರಸಿಯ ಜಾತ್ರೆಗೆ ಹೋಗಿ ನೋಡಬಹುದು.

ಇನ್ನು ಪ್ಲೇಗ್. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗ್ ಹಬ್ಬಿದಾಗ ಅಲ್ಲಿಯೇ ಅಲೆಕ್ಸಾಂಡರ್ ಯರ್ಸಾಂ ಅದರ ಸೂಕ್ಷ್ಮಜೀವಿಯನ್ನು ಗುರುತಿಸಿದರು. ರೋಗ ಅಷ್ಟಕ್ಕೆ ನಿಲ್ಲಲಿಲ್ಲ. ಹಡಗುಗಳ ಇಲಿಗಳ ಜೊತೆಯಲ್ಲಿ ಪಶ್ಚಿಮಕ್ಕೆ ಹೊರಟದ್ದು 1896ರಲ್ಲಿ ಮುಂಬಯಿಗೆ ಬಂತು. ಅಲ್ಲಿಂದ ರೈಲು ಹತ್ತಿ ಹುಬ್ಬಳ್ಳಿ, ಧಾರವಾಡ, 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರು. ಪೂರ್ವಕ್ಕೆ ಹೊರಟದ್ದು ಹೊನೊಲುಲು ಮುಟ್ಟಿ, 1900ರ ಮಾರ್ಚ್ ತಿಂಗಳಲ್ಲಿ ನಮ್ಮ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾಣಿಸಿಕೊಂಡಿತು. ನಾವು ಬಿಟ್ಟು ಬಂದ ಊರಿಗೂ ಬಂದು ಸೇರಿದ ಊರಿಗೂ ಒಂದೇ ಮಾರಿ, ಒಂದೂವರೆ ವರ್ಷದ ಅಂತರದಲ್ಲಿ. ಇದನ್ನು ನಾವು ರೆಸಿಡೆನ್ಸಿ ಮುಗಿಸಿ ಈ ಕಡೆಗೆ ಬಂದ ಮೇಲೆ, ಆಸ್ಪತ್ರೆಯ ಗ್ರಂಥಾಲಯದಲ್ಲಿ ಬೇರೇನೋ ಹುಡುಕುತ್ತಿದ್ದಾಗ ಆಕಸ್ಮಿಕವಾಗಿ ಓದಿದೆವು.

ಬೆಂಗಳೂರಿನ ಕಥೆಯಿಂದ ಆರಂಭಿಸೋಣ. ಆಗ ದಿವಾನರು ಸರ್ ಕೆ. ಶೇಷಾದ್ರಿ ಅಯ್ಯರ್, ಪ್ಲೇಗ್ ಕಮಿಷನರ್ ಆಗಿ ನೇಮಕವಾದವರು ಮುಂದೆ ತಾವೇ ದಿವಾನರಾದ ವಿ. ಪಿ. ಮಾಧವರಾಯರು. ಪೇಟೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಮನೆಮನೆಗೂ ತಪಾಸಣೆ, ರೋಗಿಗಳನ್ನು ಎತ್ತಿ ಕ್ಯಾಂಪಿಗೆ ಸಾಗಿಸುವುದು, ಮನೆಯ ಹೆಂಚು ತೆಗೆಸಿ ಬಿಸಿಲು ಬೀಳಿಸುವುದು, ಬಟ್ಟೆಬರೆ ಸುಡುವುದು ಎಲ್ಲವೂ ನಡೆಯಿತು. ದಂಡು ಪ್ರದೇಶ ಮತ್ತು ನಗರಗಳ ನಡುವೆ ಪ್ಲೇಗಿನ ಕೆಲಸಕ್ಕಾಗಿಯೇ ಟೆಲಿಫೋನ್ ತಂತಿ ಎಳೆದರೆಂದು ಬೆಂಗಳೂರಿನ ಚರಿತ್ರೆ ಬರೆದವರು ಹೇಳುತ್ತಾರೆ. ಇಂದು ಲೋಕಕ್ಕೆಲ್ಲ ಫೋನಿನಲ್ಲಿ ಉತ್ತರ ಹೇಳುವ ಊರಿಗೆ ಫೋನು ಬಂದದ್ದು ಇಲಿಯ ದೆಸೆಯಿಂದ! ಜನ ರೋಗಿಗಳನ್ನು ಅಟ್ಟದ ಮೇಲೆ ಬಚ್ಚಿಟ್ಟರು, ಹೆಣಗಳನ್ನು ರಾತ್ರೋರಾತ್ರಿ ಸಾಗಿಸಿದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಗಲಭೆಯಾಯಿತು. ಪುಣೆಯಲ್ಲಂತೂ ಒಂದು ವರ್ಷ ಮೊದಲೇ, 1897ರ ಜೂನ್ 22ರಂದು, ಪ್ಲೇಗ್ ಅಧಿಕಾರಿ ರ‍್ಯಾಂಡನನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಕೊಂದಿದ್ದರು.

ಆ ಕ್ಯಾಂಪುಗಳಲ್ಲಿ ದುಡಿದವರ ಪೈಕಿ ಒಬ್ಬರ ಹೆಸರನ್ನು ಬೆಂಗಳೂರಿಗರು ಮರೆತಿದ್ದಾರೆ, ಕೇರಳದವರು ಮರೆತಿಲ್ಲ. ಅವರು ಡಾ. ಪದ್ಮನಾಭನ್ ಪಲ್ಪು. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ವೈದ್ಯ ಪದವಿ ಪಡೆದ ಈ ಪ್ರಜೆಗೆ ಕೆಲಸ ಕೊಡಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟಿತು. ಬೆಂಗಳೂರಿನ ಸಿಡುಬು ಲಸಿಕೆಯ ಸಂಸ್ಥೆಯಲ್ಲಿದ್ದ ಅವರು ಪ್ಲೇಗಿನ ಕಾಲದಲ್ಲಿ ಕ್ಯಾಂಪಿನ ಹೊಣೆ ಹೊತ್ತು ಹೆಣಗಳ ನಡುವೆ ಕೆಲಸ ಮಾಡಿದರು. 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಸ್ಥಾಪನೆಯಾದಾಗ ಅದರ ಹಿಂದಿದ್ದ ಮುಖ್ಯರಲ್ಲಿ ಅವರೂ ಒಬ್ಬರು. ಸ್ವಂತ ಊರು ಮುಟ್ಟಿಸಿಕೊಳ್ಳದ ವೈದ್ಯ, ಬೇರೆ ಊರಿನಲ್ಲಿ ಯಾರೂ ಮುಟ್ಟಲೊಲ್ಲದ ರೋಗಿಗಳನ್ನು ಮುಟ್ಟಿದರು. ಪರದೇಶದಲ್ಲಿ ಕೆಲಸ ಹುಡುಕಿ ಬಂದ ನಮ್ಮಂಥವರಿಗೆ ಈ ಕಥೆ ಸ್ವಲ್ಪ ಹತ್ತಿರದ್ದು.

ಔಷಧಿಯ ವಿಷಯ ಹೇಳುವುದಾದರೆ, ಆಗ ಗುಣಪಡಿಸುವ ಮದ್ದೇ ಇರಲಿಲ್ಲ. ಸ್ಟ್ರೆಪ್ಟೋಮೈಸಿನ್ ಬರಲು ಇನ್ನೂ ನಲವತ್ತೈದು ವರ್ಷ ಬೇಕಿತ್ತು. ಇದ್ದದ್ದು ವಾಲ್ಡೆಮಾರ್ ಹಾಫ್ಕಿನ್ ಎಂಬ ರಷ್ಯಾ ಮೂಲದ ಯಹೂದಿ ವಿಜ್ಞಾನಿ ಮುಂಬಯಿಯಲ್ಲಿ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡು ನೋಡಿದ್ದ ಲಸಿಕೆ. ಹುಬ್ಬಳ್ಳಿಯಲ್ಲಿ 1898ರಲ್ಲಿ ಹತ್ತಾರು ಸಾವಿರ ಜನ ಅದನ್ನು ಹಾಕಿಸಿಕೊಂಡರು. ಕನ್ನಡ ನಾಡಿನ ಜನ ಸೂಜಿಗೆ ಹೆದರಿ ಓಡುವವರೇ ಎಂದು ಒಂದೇ ಮಾತಿನಲ್ಲಿ ಹೇಳುವವರು ಹುಬ್ಬಳ್ಳಿಯವರನ್ನು ನೆನೆಯಬೇಕು.

ಇಲ್ಲಿ ನಮ್ಮ ವೈದ್ಯರ ಅಹಂಕಾರವನ್ನು ಸ್ವಲ್ಪ ಇಳಿಸುವ ಒಂದು ಸಂಗತಿ ಇದೆ. ನಮ್ಮ ಹಳ್ಳಿಗಳಲ್ಲಿ 'ಇಲಿ ಬಿತ್ತು' ಎಂಬ ಮಾತು ಬಹು ಬೇಗ ರೂಢಿಗೆ ಬಂತು. ಸೂರಿನಿಂದ ಸತ್ತ ಇಲಿ ಬಿದ್ದರೆ ಸಾಕು, ಮರುದಿನವೇ ಊರಿಗೆ ಊರೇ ಪಾತ್ರೆಪಡಗ, ದನಕರು, ದೇವರ ಪೆಟ್ಟಿಗೆ ಸಹಿತ ಹೊರಗೆ ತೋಪಿನಲ್ಲಿ ಷೆಡ್ಡು ಹಾಕಿಕೊಂಡು ಇರುತ್ತಿತ್ತು. ನಮ್ಮ ಅಜ್ಜಿ ಹುಟ್ಟಿದ್ದೇ ಅಂಥ ಒಂದು ಷೆಡ್ಡಿನಲ್ಲಿ. ಅಮ್ಮನಿಗೆ ಕೋಪ, ಊರು ಬಿಟ್ಟು ಅವಳಿಗೆ ಜಾಗ ಕೊಡಬೇಕು ಎಂಬುದು ಅವರು ಕೊಡುತ್ತಿದ್ದ ಕಾರಣ. ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಇಲಿಯಿಂದ ಇಲಿಗೆ, ಇಲಿಯಿಂದ ಮನುಷ್ಯನಿಗೆ ರೋಗ ದಾಟಿಸುವುದು ಚಿಗಟ ಎಂದು ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ಪಂಡಿತರು ನಂಬಲಿಲ್ಲ. ಮುಂಬಯಿಯಲ್ಲಿ ಪ್ಲೇಗ್ ಸಂಶೋಧನಾ ಆಯೋಗ 1905ರಿಂದ ಕುಳಿತು ಮತ್ತೆ ಮತ್ತೆ ಪರೀಕ್ಷಿಸಿದ ಮೇಲೆ ಒಪ್ಪಿದರು. ಇಲಿ ಸತ್ತು ಅದರ ಮೈ ತಣ್ಣಗಾದಾಗ ಚಿಗಟ ಹೊಸ ಮೈ ಹುಡುಕುತ್ತದೆ. ಆ ಹೊತ್ತಿಗೆ ಮನುಷ್ಯ ಅಲ್ಲಿ ಇಲ್ಲದಿದ್ದರೆ ಬದುಕಿದ. ಅಂದರೆ ಇಲಿ ಬಿದ್ದ ಕೂಡಲೇ ಊರು ಬಿಡುವುದು ಅಪ್ಪಟ ವಿಜ್ಞಾನ. ಕಾರಣ ತಪ್ಪು, ಕೆಲಸ ಸರಿ. ಪಂಡಿತರಿಗೆ ಸುಮಾರು ಹತ್ತು ವರ್ಷಗಳ ಕಾಲ ಕಾರಣವೂ ತಪ್ಪು, ಕೆಲಸವೂ ಅರ್ಧ ತಪ್ಪು. ರೋಗಿಯ ಹಾಸಿಗೆ ಸುಟ್ಟು, ನೆಲಕ್ಕೆ ಫಿನಾಯಿಲ್ ಹಾಕಿ ಇಲಿಯನ್ನು ಪಕ್ಕದ ಬೀದಿಗೆ ಓಡಿಸುತ್ತಿದ್ದರು.

ಹಾಗೆಂದು ಹಳೆಯದೆಲ್ಲ ಒಳಗೊಳಗೇ ವಿಜ್ಞಾನವೇ ಆಗಿತ್ತು ಎಂಬ, ಈಚೆಗೆ ನಮ್ಮ ಕೂಟಗಳ ಕಾಫಿ ಮೇಜಿನ ಸುತ್ತ ಬಹಳ ಕೇಳಿಬರುವ ಮಾತನ್ನು ನಾವು ಒಪ್ಪುವವರಲ್ಲ. ದೇಶದಲ್ಲಿ ಆ ಕೆಲವು ದಶಕಗಳಲ್ಲಿ ಪ್ಲೇಗಿಗೆ ಸತ್ತವರು ಒಂದು ಕೋಟಿಗೂ ಹೆಚ್ಚು. ಷೆಡ್ಡು ಹಾಕಲು ತೋಪು ಇದ್ದವರು ಬದುಕಿದರು. ಪೇಟೆಯ ಗಲ್ಲಿಯ ಕೂಲಿಯವನಿಗೆ ಯಾವ ತೋಪು?

ಸತ್ತವರನ್ನು ಸುಟ್ಟು ಬಂದ ಮೇಲೆ ಊರು ಎರಡು ಕೆಲಸ ಮಾಡಿತು. ಒಂದು, ಹೊಸ ಬಡಾವಣೆಗಳನ್ನು ಕಟ್ಟಿತು. ಬಸವನಗುಡಿ, ಮಲ್ಲೇಶ್ವರಗಳ ಯೋಜನೆ ಪ್ಲೇಗಿಗೆ ಮುಂಚೆಯೇ ಇದ್ದರೂ ಜನ ಪೇಟೆ ಬಿಟ್ಟು ಅಲ್ಲಿಗೆ ಹೊರಟದ್ದು ಪ್ಲೇಗಿನ ಭಯದಿಂದ. ನೇರವಾದ ಅಗಲ ರಸ್ತೆ, ಮನೆಯ ಸುತ್ತ ಗಾಳಿ ಬೆಳಕಿಗೆ ಜಾಗ, ಹಿತ್ತಲಿನ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ದಂಡು ಪ್ರದೇಶದಲ್ಲಿ ಇಲಿ ನುಸುಳದಂತೆ ಯೋಚಿಸಿ ಕಟ್ಟಿದ ಫ್ರೇಜರ್ ಟೌನ್ 1910ರ ಹೊತ್ತಿಗೆ ಸಿದ್ಧವಾಯಿತು. ಮಲ್ಲೇಶ್ವರದ ಸಂಪಿಗೆ ಮರಗಳ ನೆನಪಿನಲ್ಲಿ ಇಲ್ಲಿ ಕುಳಿತು ನಿಟ್ಟುಸಿರು ಬಿಡುವ ಸ್ನೇಹಿತರಿಗೆ, ಆ ಬೀದಿಗಳ ಅಂದವನ್ನು ಗೆರೆ ಎಳೆದು ಕೊಟ್ಟವರಲ್ಲಿ ಇಲಿಯೂ ಒಂದು ಎಂದರೆ ಕೋಪ ಬರಬಹುದು.

ಎರಡನೆಯ ಕೆಲಸ, ಗುಡಿ ಕಟ್ಟಿದ್ದು. ಬೆಂಗಳೂರಿನ ಹಳೆಯ ಭಾಗಗಳಲ್ಲಿ ಇಂದಿಗೂ ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಎಂಬ ದೇವಿಯರಿದ್ದಾರೆ. ಓದುಗರು ಈ ಹೆಸರನ್ನು ಒಂದು ಕ್ಷಣ ಬಾಯಲ್ಲಿ ಆಡಿಸಿ ನೋಡಬೇಕು. ರೋಗಕ್ಕೆ ಕನ್ನಡದ ಹೆಸರು ಸಿಗದೆ ಹೋದದ್ದಲ್ಲ. ಮಾರಿ, ಮಹಾಮಾರಿ, ಬೇಕಾದಷ್ಟಿದ್ದವು. ಆದರೆ ಈಕೆ ಹೊಸಬಳು, ಸರ್ಕಾರದವರ ನೋಟೀಸಿನಲ್ಲಿ ಬಂದವಳು, ಆದ್ದರಿಂದ ಅವಳನ್ನು ಅವಳ ಹೆಸರಿನಿಂದಲೇ ಕರೆಯಬೇಕು ಎಂದು ಜನ ತೀರ್ಮಾನಿಸಿದರು. ಸೂಕ್ಷ್ಮದರ್ಶಕದಲ್ಲಿ ಸಿಕ್ಕಿಬಿದ್ದ ರೋಗ ಅರಿಶಿನ ಕುಂಕುಮ ಹಚ್ಚಿಕೊಂಡು ಗರ್ಭಗುಡಿಗೆ ಬಂದು ಕುಳಿತಿತು. ನಾವು ಕಾಲೇಜಿನಲ್ಲಿದ್ದಾಗ ಈ ಹೆಸರು ಕೇಳಿ ಬಿದ್ದು ಬಿದ್ದು ನಕ್ಕಿದ್ದೆವು.

ಸಾಹಿತ್ಯಕ್ಕೆ ಪ್ಲೇಗ್ ಬಂದು ಸೇರಿದ್ದು ಬಹಳ ನಿಧಾನವಾಗಿ, ಅದು ಹಳ್ಳಿಗಳಿಂದ ಹೊರಟು ಹೋದ ಮೇಲೆ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಪ್ರಕಟವಾದದ್ದು 1965ರಲ್ಲಿ. ಅದು ಹುಟ್ಟಿದ್ದು ಮಲೆನಾಡಿನಲ್ಲಲ್ಲ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಅವರು ಅಲ್ಲಿ ಸಂಶೋಧನೆ ಮಾಡುತ್ತಿದ್ದಾಗ. ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ ಅವರ, ಪ್ಲೇಗಿನ ಕಾಲದ ಕಥೆಯುಳ್ಳ 'ಸೆವೆಂತ್ ಸೀಲ್' ಚಿತ್ರವನ್ನು ನೋಡಿದ್ದು ಅದಕ್ಕೆ ಪ್ರೇರಣೆಯಾಯಿತೆಂದು ಅವರೇ ಹೇಳಿದ್ದರು. ಕನ್ನಡದ ಅತ್ಯಂತ ಚರ್ಚಿತ ಕಾದಂಬರಿಗಳಲ್ಲಿ ಒಂದು ಪರದೇಶದ ಚಳಿಯಲ್ಲಿ ಕುಳಿತು ಬರೆದದ್ದು ಎಂಬುದನ್ನು ನಮ್ಮ ಕೂಟದ ಲೇಖಕ ಮಿತ್ರರು ಗಮನಿಸಬೇಕು! (ನಮ್ಮಲ್ಲಿ ಚಳಿ ಕಡಿಮೆ ಎಂಬುದು ಒಂದು ನೆಪ ಆಗಬಹುದು.)

ಕಥೆ ನಿಮಗೆ ತಿಳಿದದ್ದೇ. ದೂರ್ವಾಸಪುರದ ಅಗ್ರಹಾರದಲ್ಲಿ ಜಾತಿಭ್ರಷ್ಟ ನಾರಣಪ್ಪ ಶಿವಮೊಗ್ಗದಿಂದ ಬಂದವನು ಜ್ವರ ಬಂದು ಸತ್ತಿದ್ದಾನೆ. ಅವನ ಸಂಸ್ಕಾರ ಯಾರು ಮಾಡಬೇಕೆಂದು ಶಾಸ್ತ್ರದ ಚರ್ಚೆ ನಡೆಯುತ್ತದೆ. ಅತ್ತ ಇಲಿಗಳು ಬಂದು ಸಾಯುತ್ತಿವೆ, ಮನೆಗಳ ಮೇಲೆ ಹದ್ದುಗಳು ಕೂರುತ್ತವೆ, ಬ್ರಾಹ್ಮಣರು ಜಾಗಟೆ ಬಾರಿಸಿ ಶಂಖ ಊದಿ ಓಡಿಸುತ್ತಾರೆ. ನಾವು ಇದನ್ನು ಪಿ.ಯು.ಸಿ. ರಜೆಯಲ್ಲಿ ಓದಿದಾಗ ಧರ್ಮಸಂಕಟದ ಕಥೆಯಾಗಿ ಕಂಡಿತ್ತು. ವೈದ್ಯಕೀಯ ಓದಿದ ಮೇಲೆ ಮತ್ತೆ ಓದಿದಾಗ ಪುಟ ಪುಟಕ್ಕೂ ಮೈ ಝುಂ ಎಂದಿತು. ಪಾತ್ರಗಳಿಗೆ ತಿಳಿಯದ್ದು ಓದುಗನಿಗೆ ತಿಳಿದಿದೆ. ಅವರು ಪಾಪ ಪುಣ್ಯ ಎಣಿಸುತ್ತಿರುವಾಗ ನಾವು ಚಿಗಟ ಎಣಿಸುತ್ತಿರುತ್ತೇವೆ. ಏಳಿ, ಊರು ಬಿಡಿ ಎಂದು ಕೂಗಬೇಕೆನ್ನಿಸುತ್ತದೆ. ಯರ್ಸಾಂ, ಸಿಮೊಂಡ್ ಆ ಕೆಲಸ ಮಾಡದೆ ಇದ್ದಿದ್ದರೆ ಈ ಕಾದಂಬರಿಯನ್ನು ಹೀಗೆ ಓದಲು ಸಾಧ್ಯವಿರಲಿಲ್ಲ. ಆದರೆ ಅನಂತಮೂರ್ತಿಯವರು ಅಷ್ಟಕ್ಕೆ ಬಿಡುವುದಿಲ್ಲ. ಪ್ಲೇಗ್ ಎಂದು ತಿಳಿದ ಮಾತ್ರಕ್ಕೆ ಪ್ರಾಣೇಶಾಚಾರ್ಯರ ಸಂಕಟ ಒಂದು ಗುಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಹೆಣಕ್ಕೆ ಏನು ಮಾಡಬೇಕು, ತಾನು ಯಾರು ಎಂಬ ಪ್ರಶ್ನೆಗಳಿಗೆ ಸೂಕ್ಷ್ಮದರ್ಶಕದಲ್ಲಿ ಉತ್ತರವಿಲ್ಲ. ತಮ್ಮ ಬಾಲ್ಯದಲ್ಲಿ ಪ್ಲೇಗ್ ಬಂದಾಗ ಊರಾಚೆಯ ಗುಡಿಸಲುಗಳ ದಲಿತರಿಗೆ ಇನಾಕ್ಯುಲೇಷನ್ ಸಿಗದೆ ಅವರು ಸತ್ತ ನೆನಪನ್ನೂ ಅವರು ಹೇಳಿಕೊಂಡಿದ್ದುಂಟು. ಸೂಜಿಯೂ ಮಡಿ ನೋಡಿಕೊಂಡೇ ಊರಿನೊಳಗೆ ಬಂದಿತ್ತು.

ಎಸ್. ಎಲ್. ಭೈರಪ್ಪನವರ 'ಗೃಹಭಂಗ' (1970) ಬೇರೆ ಬಗೆಯದು. ಅಲ್ಲಿ ಸಂಕೇತ ಗಿಂಕೇತ ಏನೂ ಇಲ್ಲ. ಬಾಲ್ಯದಲ್ಲಿಯೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡ ಲೇಖಕರು, ನಂಜಮ್ಮನ ಬೆಳೆದ ಮಕ್ಕಳು ಸಾಯುವುದನ್ನು ಒಂದು ಹನಿ ಕಣ್ಣೀರನ್ನೂ ತಾವು ಸೇರಿಸದೆ ಬರೆದಿದ್ದಾರೆ. ನಮ್ಮ ತಾಯಿಯವರಿಗೆ 'ಸಂಸ್ಕಾರ' ಹಿಡಿಸುವುದಿಲ್ಲ, 'ಗೃಹಭಂಗ'ವನ್ನು ಎರಡನೆಯ ಸಲ ಓದಲು ಧೈರ್ಯವಿಲ್ಲ.

ಈಗ ಈ ಕಡೆಗೆ ಬರೋಣ. 1900ರ ಮಾರ್ಚ್ 6ರಂದು ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನ ಗ್ಲೋಬ್ ಹೋಟೆಲಿನ ನೆಲಮಾಳಿಗೆಯಲ್ಲಿ ವಾಸವಾಗಿದ್ದ ಒಬ್ಬ ಚೀನೀ ಕೂಲಿಯ ಹೆಣದಲ್ಲಿ ತೊಡೆಸಂದಿನ ಗಡ್ಡೆ ಕಂಡಿತು. ಮಾದರಿಯನ್ನು ಏಂಜೆಲ್ ದ್ವೀಪದ ಕ್ವಾರಂಟೈನ್ ಠಾಣೆಗೆ, ಡಾ. ಜೋಸೆಫ್ ಕಿನ್ಯೂನ್ ಅವರ ಪ್ರಯೋಗಶಾಲೆಗೆ ಕಳಿಸಿದರು. ಚುಚ್ಚಿದ ಗಿನಿಹಂದಿಗಳು ಸತ್ತವು. ಪ್ಲೇಗ್ ಎಂಬುದು ಖಚಿತವಾಯಿತು. ಆಮೇಲೆ ನಡೆದದ್ದನ್ನು ಓದಿದರೆ ಬೆಂಗಳೂರಿನ ಜನ ಎಷ್ಟೋ ವಾಸಿ ಎನ್ನಿಸುತ್ತದೆ. ಇದು ವಿದ್ಯುದ್ದೀಪ, ವಿಶ್ವವಿದ್ಯಾಲಯಗಳಿದ್ದ ಊರು. ಆದರೂ ವ್ಯಾಪಾರ ಕೆಡುತ್ತದೆಂದು ಹಲವು ಪತ್ರಿಕೆಗಳು ವೈದ್ಯರನ್ನು ಗೇಲಿ ಮಾಡಿದವು. ಗವರ್ನರ್ ಹೆನ್ರಿ ಗೇಜ್ ಪ್ಲೇಗ್ ಇಲ್ಲವೇ ಇಲ್ಲವೆಂದು ಸಾಧಿಸಿದರು, ಕಿನ್ಯೂನರೇ ಹೆಣಗಳಿಗೆ ರೋಗಾಣು ಸೇರಿಸಿರಬೇಕೆಂದು ಗುಮಾನಿ ಹಬ್ಬಿಸಿದರು. 1901ರಲ್ಲಿ ಕಿನ್ಯೂನರಿಗೆ ವರ್ಗವಾಯಿತು.

ಇನ್ನೊಂದು ಕಡೆ, ಇದು ಅನ್ನ ತಿನ್ನುವವರ ರೋಗ, ಮಾಂಸ ತಿನ್ನುವ ಬಿಳಿಯರಿಗೆ ತಗುಲದು ಎಂದು ಓದಿದವರೇ ನಂಬಿದ್ದರು. ನಮ್ಮ ಮೊಸರನ್ನಕ್ಕೆ ಎಂಥ ಬಿರುದು! ಚೈನಾಟೌನಿನ ಸುತ್ತ ಹಗ್ಗ, ಮುಳ್ಳುತಂತಿ ಬಿಗಿದರು. ಬಿಗಿಯುವಾಗ ಬಿಳಿಯರ ಅಂಗಡಿಗಳನ್ನು ಹೊರಗೆ ಬಿಟ್ಟು ಗೆರೆಯನ್ನು ಸೊಟ್ಟಗೆ ಎಳೆದರು. ಅದೇ ಹಾಫ್ಕಿನ್ ಲಸಿಕೆಯನ್ನು ಚೀನೀಯರು ಮತ್ತು ಜಪಾನೀಯರಿಗೆ ಮಾತ್ರ ಕಡ್ಡಾಯ ಮಾಡಿದರು. ಹಾಕಿಸಿಕೊಳ್ಳದೆ ಊರು ಬಿಡುವಂತಿರಲಿಲ್ಲ. ಚೀನೀಯರು ರೋಗಿಗಳನ್ನು ನೆಲಮಾಳಿಗೆಗಳಲ್ಲಿ ಬಚ್ಚಿಟ್ಟರು. ಬೆಂಗಳೂರಿನಲ್ಲಿ ಅಟ್ಟ, ಇಲ್ಲಿ ನೆಲಮಾಳಿಗೆ, ಅಷ್ಟೇ ವ್ಯತ್ಯಾಸ. ವಾಂಗ್ ವೈ, ಜೂ ಹೋ ಎಂಬ ಇಬ್ಬರು ಚೀನೀಯರು 1900ರಲ್ಲಿಯೇ ಫೆಡರಲ್ ನ್ಯಾಯಾಲಯಕ್ಕೆ ಹೋಗಿ, ಜನಾಂಗ ನೋಡಿ ಸೂಜಿ ಚುಚ್ಚುವುದೂ ಜನಾಂಗ ನೋಡಿ ಬೀದಿ ಮುಚ್ಚುವುದೂ ಸಲ್ಲದೆಂಬ ತೀರ್ಪು ಪಡೆದರು. ಆ ತೀರ್ಪುಗಳ ನೆರಳಿನಲ್ಲಿ ಇಂದು ನಾವೆಲ್ಲ ಇಲ್ಲಿ ಬದುಕುತ್ತಿದ್ದೇವೆ. 1903ರಲ್ಲಿ ವೈದ್ಯರೇ ಆಗಿದ್ದ ಓಕ್‌ಲ್ಯಾಂಡಿನ ಜಾರ್ಜ್ ಪಾರ್ಡಿ ಗವರ್ನರ್ ಆದ ಮೇಲೆ ರೂಪರ್ಟ್ ಬ್ಲೂ ಎಂಬ ಅಧಿಕಾರಿಯ ಕೆಲಸಕ್ಕೆ ಬಲ ಬಂತು. 1904ರವರೆಗೆ 121 ರೋಗಿಗಳು, 119 ಸಾವು. 1906ರ ಭೂಕಂಪದ ಮರುವರ್ಷ ಮತ್ತೆ ಬಂದಾಗ ಸತ್ತವರಲ್ಲಿ ಬಿಳಿಯರೇ ಹೆಚ್ಚು. ಅಷ್ಟು ಹೊತ್ತಿಗೆ ಚಿಗಟದ ವಿಷಯ ತಿಳಿದಿತ್ತು, ಊರೆಲ್ಲ ಇಲಿ ಹಿಡಿದರು. ಆದರೆ ರೋಗ ಇಲಿಯಿಂದ ಬೆಟ್ಟದ ಅಳಿಲುಗಳಿಗೆ ದಾಟಿಹೋಗಿತ್ತು. 1908ರಲ್ಲಿ ಕಾಂಟ್ರಾ ಕೋಸ್ಟಾದ ಅಳಿಲುಗಳಲ್ಲಿ ಅದು ಸಿಕ್ಕಿತು. ತಾಹೋದ ಫಲಕದ ಪೂರ್ವಕಥೆ ಇಷ್ಟು. 2020ರಲ್ಲೂ 2025ರಲ್ಲೂ ಸೌತ್ ಲೇಕ್ ತಾಹೋದ ಒಬ್ಬೊಬ್ಬರಿಗೆ ಪ್ಲೇಗ್ ಬಂದು ವರದಿಯಾಗಿದೆ.

ಮಕ್ಕಳನ್ನು ಏಂಜೆಲ್ ದ್ವೀಪಕ್ಕೆ ಫೆರಿಯಲ್ಲಿ ಕರೆದೊಯ್ಯುವವರು ಅಲ್ಲಿನ ವಲಸೆ ಠಾಣೆಯನ್ನು ತಪ್ಪದೆ ತೋರಿಸಬೇಕು. 1910ರಿಂದ 1940ರವರೆಗೆ ಏಷ್ಯಾದಿಂದ ಬಂದವರನ್ನು ತಡೆದು ಕೂಡಿಹಾಕಿದ ಜಾಗ ಅದು. ವೈದ್ಯರು ಮಲ ಪರೀಕ್ಷೆ ಮಾಡಿ, ಕೊಕ್ಕೆಹುಳು ಇದೆ ಎಂಬ ಕಾರಣಕ್ಕೆ ಎಷ್ಟೋ ಜನರನ್ನು, ಭಾರತೀಯರನ್ನೂ, ಹಿಂದಕ್ಕೆ ಕಳಿಸಿದರು. ಕೊಕ್ಕೆಹುಳು ನಿಜ, ಸೂಕ್ಷ್ಮದರ್ಶಕವೂ ನಿಜ. ಅದನ್ನು ಹಿಡಿದ ಕೈಯ ಉದ್ದೇಶ ಬೇರೆ. ಕೂಡಿಹಾಕಲ್ಪಟ್ಟ ಚೀನೀಯರು ಮರದ ಗೋಡೆಗಳ ಮೇಲೆ ಕವಿತೆಗಳನ್ನು ಕೆತ್ತಿದರು. 1970ರಲ್ಲಿ ಒಬ್ಬ ಉದ್ಯಾನ ರಕ್ಷಕನ ಕಣ್ಣಿಗೆ ಅವು ಬಿದ್ದು ಉಳಿದವು. ಆ ಠಾಣೆಯ ವೈದ್ಯರ ಹೆಸರು ಇಂದು ಯಾರಿಗೂ ನೆನಪಿಲ್ಲ.

ಇಷ್ಟೆಲ್ಲ ಬರೆಯುವ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2020ರ ಮಾರ್ಚ್ 16ರಂದು ನಮ್ಮ ಆರು ಕೌಂಟಿಗಳವರು ಮನೆಯಲ್ಲೇ ಇರಿ ಎಂದು ಆದೇಶಿಸಿದ ದಿನದಿಂದ ನಾವು ಮನೆಯಲ್ಲಿದ್ದದ್ದು ಕಡಿಮೆ. ಮರುವರ್ಷ ಮಾರ್ಚಿನಲ್ಲಿ ಭಾರತದಲ್ಲಿ ಅರವತ್ತು ದಾಟಿದವರಿಗೆ ಲಸಿಕೆ ಆರಂಭವಾದಾಗ ಹುಣಸೂರು ಕಡೆಯ ಹಳ್ಳಿಯಲ್ಲಿದ್ದ ದೊಡ್ಡಮ್ಮನಿಗೆ ಫೋನು ಮಾಡಿದೆವು. "ಹಾಕಿಸ್ಕೋತೀನಪ್ಪ. ಯುಗಾದಿ ಕಳೀಲಿ, ಅಮ್ಮನ ಹತ್ರ ಒಂದು ಹೂ ಕೇಳಿಬಿಡ್ತೀನಿ. ಬಲಗಡೆ ಬಿದ್ರೆ ಹಾಕಿಸ್ಕೊಳ್ಳೋದೇ" ಎಂದರು. ಹದಿನಾಲ್ಕು ಗಂಟೆ ದುಡಿದು ಬಂದ ರಾತ್ರಿ ಅದು. ಆ ದಿನ ನಮ್ಮ ಕಣ್ಣೆದುರಿಗೇ ಇಬ್ಬರು ಹೋಗಿದ್ದರು. ನಾವು ರೇಗಿದೆವು. ಇನ್ನೂ ಯಾವ ಕಾಲದಲ್ಲಿದ್ದೀರಿ, ವೈರಸ್ಸಿಗೆ ನಿಮ್ಮ ಹೂವು ಗೊತ್ತೇ ಎಂದು ಕೇಳಿ, ಇಷ್ಟು ಪ್ರತಿಶತ ಅಷ್ಟು ಪ್ರತಿಶತ ಎಂದು ಪಾಠ ಒಪ್ಪಿಸಿದೆವು. ದೊಡ್ಡಮ್ಮ ಎದುರಾಡಲಿಲ್ಲ. "ನೀನು ಉಂಡೆಯಾ?" ಎಂದು ಕೇಳಿ ಫೋನು ಇಟ್ಟರು. ಯುಗಾದಿ ಕಳೆಯಿತು, ಪೂಜಾರಿಗೇ ಜ್ವರ ಬಂತು, ಏಪ್ರಿಲ್ 27ರಿಂದ ಕರ್ನಾಟಕವೆಲ್ಲ ಬಂದ್. ಗುಡಿಯ ಬಾಗಿಲು ಮುಚ್ಚಿತು. ಹೂ ಕೇಳುವುದು ಆಗಲೇ ಇಲ್ಲ. ಮೇ ಎರಡನೆಯ ವಾರದಲ್ಲಿ ದೊಡ್ಡಮ್ಮ ಹೋದರು. ನಾವು ನೋಡಿದ್ದು ಅಂಗೈಯಗಲದ ಪರದೆಯಲ್ಲಿ.

ಹೂವು ಬಲಗಡೆಗೇ ಬೀಳುತ್ತಿತ್ತು ಎಂದು ಹೇಳಲು ನಮ್ಮ ಬಳಿ ಯಾವ ಆಧಾರವೂ ಇಲ್ಲ. ಆದರೆ 'ಯುಗಾದಿಯವರೆಗೆ ಕಾಯಬೇಡಿ ದೊಡ್ಡಮ್ಮ, ನಾಳೆಯೇ ಹೋಗಿ ಕೇಳಿ' ಎಂದು ಹೇಳಬಹುದಿತ್ತು. ಅಷ್ಟು ಹೇಳಲು ಎಂ.ಬಿ.ಬಿ.ಎಸ್. ಬೇಕಿರಲಿಲ್ಲ. ಇನ್ನೂರು ವರ್ಷಗಳ ಹಿಂದಿನ ಆ ಮೈಸೂರಿನ ರಾಣಿವಾಸದ ಹೆಂಗಸರಿಗೆ ಅದು ತಿಳಿದಿತ್ತು. ಅದೇ ಮೇ ತಿಂಗಳಿನಲ್ಲಿ ಕೊಳ್ಳೇಗಾಲ ತಾಲ್ಲೂಕಿನ ಮಧುವನಹಳ್ಳಿಯಲ್ಲಿ ಕೊರೊನಮ್ಮನಿಗೆ ಗುಡಿ ಕಟ್ಟಿದ ಸುದ್ದಿ ಬಂದಾಗ ಸಹೋದ್ಯೋಗಿಗಳು ಅದನ್ನು ನಗೆಯ ಚಿಹ್ನೆ ಹಾಕಿ ಕಳಿಸಿದರು. ಕಾಲೇಜಿನ ದಿನಗಳ ನಗು ಆ ಸಲ ನಮಗೆ ಬರಲಿಲ್ಲ.

ತಾಹೋದಿಂದ ಹಿಂದಿರುಗುವಾಗ ಕಾರಿನಲ್ಲಿ ತಾಯಿಯವರು ಬಹಳ ಹೊತ್ತು ಮಾತಾಡಲಿಲ್ಲ. ಸ್ಯಾಕ್ರಮೆಂಟೋ ದಾಟಿದ ಮೇಲೆ, "ಅಲ್ಲಾ, ಆ ಬಡ ಅಳಿಲುಗಳಿಗೆ ಇಂಜೆಕ್ಷನ್ನು ಕೊಡೋ ಹಾಗಿಲ್ವೇನೋ?" ಎಂದು ಕೇಳಿದರು. ಅಳಿಲಿಗೆ ಇಲ್ಲ, ಆದರೆ ಅವುಗಳ ನೆಂಟನಾದ ಪ್ರೇರಿ ಡಾಗ್ ಎಂಬ ಬಿಲದ ಪ್ರಾಣಿಗೆ ಇಲ್ಲಿನ ವಿಜ್ಞಾನಿಗಳು ಲಸಿಕೆ ಮಾಡಿದ್ದಾರೆ. ಹಿಡಿದು ಚುಚ್ಚಲು ಆಗುವುದಿಲ್ಲವಾದ್ದರಿಂದ ಕಡಲೆಕಾಯಿ ಬೆಣ್ಣೆಯ ರುಚಿಯ ಉಂಡೆಯೊಳಗೆ ಅದನ್ನು ಇಟ್ಟು ಹುಲ್ಲುಗಾವಲಿನಲ್ಲಿ ಚೆಲ್ಲಿ ಪರೀಕ್ಷಿಸಿದ್ದಾರೆ ಎಂದೆವು.

"ಅಂದ್ರೆ ನೈವೇದ್ಯ ಅನ್ನು" ಎಂದರು ನಮ್ಮ ತಾಯಿ.